ಇಳಿಯದ ಪಲ್ಲಕ್ಕಿ

"ಕೇಳ್ರಪ್ಪೋ, ಹದ್ದಿನಕೋಟೆ ಜನಗಳೆಲ್ಲ ಕೇಳ್ರಿ. ದೊರೆ ಸಿಡಿಲಪ್ಪ ನಾಯಕರ ಮಗಳು ಚಿಕ್ಕತಾಯಮ್ಮನೋರ ಪಲ್ಲಕ್ಕಿ ಮೂರು ಒಗಟು ಕೇಳ್ತದೆ. ಬಿಡಿಸಿ ಅದನ್ನ ನೆಲಕ್ಕೆ ಇಳಿಸಿದೋನಿಗೆ ಅರ್ಧ ರಾಜ್ಯ. ಬಿಡಿಸದೆ ಹೋದೋನ ಹೆಗಲು ಪಲ್ಲಕ್ಕಿಗೆ."

ಇಷ್ಟು ಸಾರಿದ್ದೇ ಡಂಗುರದೋನು ತಮಟೇನ ಅಲ್ಲೇ ಬಿಟ್ಟು ಓಡಿಹೋದ. ಹೊತ್ತು ನೆತ್ತಿಗೆ ಬರೋದರಲ್ಲಿತ್ತು.

ಹೋದ ಬೇಸಗೇಲಿ ಚಿಕ್ಕತಾಯಮ್ಮನ ಪಲ್ಲಕ್ಕಿ, ಹೊತ್ತಿದ್ದ ನಾಲ್ವರು ಬೋಯಿಗಳ ಸಮೇತ ಕಣಿವೆಯ ಕಮರಿಗೆ ಬಿದ್ದಿತ್ತು. ಸತ್ತೋರು ಸತ್ತಂಗೆ ಇರಬೇಕಲ್ಲ, ಇರಲಿಲ್ಲ. ಉರಿಮಧ್ಯಾಹ್ನ, ಮನುಷ್ಯನ ನೆರಳು ಕಾಲಡಿಗೆ ಸೇರ್ಕೊಳ್ಳೋ ಹೊತ್ತಿಗೆ, ಆ ಪಲ್ಲಕ್ಕಿ ಕೋಟೆ ಸುತ್ತ ತಿರುಗೋದು. ಪರದೆ ಬಿಗಿದಂಗೇ ಇರೋದು. ಹೊತ್ತೋರ ಕಾಲು ಧೂಳಲ್ಲಿ ಗುರುತು ಬಿಡ್ತಿರಲಿಲ್ಲ. ಅದು ಹಾದುಹೋದ ಬೀದೀಲಿ ಕರೆದ ಹಾಲು ಒಡೀತಿತ್ತು, ಕೋಳಿ ಇಟ್ಟ ಮೊಟ್ಟೆ ಬೆಂದೇ ಬೀಳ್ತಿತ್ತು. ಸುಳ್ಳು ಅನ್ನೋರು ಆ ಕೋಳೀನೇ ಕೇಳ್ಕೊಳ್ಳಿ.

ಕೋಟೆ ಬಾಗಿಲಲ್ಲಿ ಹಲಗ ಅನ್ನೋ ಬೋಯಿ ನಿಂತಿದ್ದ. ಪಲ್ಲಕ್ಕಿಯ ಮುಂದಲ ಬೊಂಬು ಹೊತ್ತು ಸತ್ತೋನು ಅವನ ಅಣ್ಣ ಜವರ. ಅಣ್ಣ ಮುಂದೆ, ತಮ್ಮ ಹಿಂದೆ, ಯಾವಾಗಲೂ ಹಂಗೇ ಹೊತ್ತಿದ್ದೋರು. ಆ ದಿನ ಹೆಗಲಲ್ಲಿ ಕುರು ಎದ್ದಿತ್ತು ಅಂತ ಹಲಗ ಮನೇಲುಳಿದಿದ್ದ. ಅವನಿಗೆ ರಾಜ್ಯ ಬೇಕಿರಲಿಲ್ಲ. ಅಣ್ಣ ಆ ಭಾರ ಇಳಿಸಿ ಮಲಗಿದ್ರೆ ಸಾಕಿತ್ತು.

ಪಲ್ಲಕ್ಕಿ ಬಂತು. ಪರದೆ ಒಳಗಿಂದ ಬಾವಿ ತಳದಿಂದ ಬಂದಂಥ ದನಿ: "ಕಾಲು ಎಂಟು, ದಾರಿ ಕಾಣೋದು ಒಬ್ಬನ ಕಣ್ಣಿಗೆ. ಏನದು?"

"ಜೇಡ," ಅಂದ, ಅರ್ಧ ರಾಜ್ಯದ ಆಸೆಗೆ ಬಂದಿದ್ದ ಮೂವರು ಪಾಳೇಗಾರರ ಮಕ್ಕಳಲ್ಲಿ ಒಬ್ಬ, ಮೀಸೆ ತಿರುವುತ್ತಾ. ಅವನ ಕಾಲಡಿಯ ನೆರಳು ಚಾಪೆ ಸುತ್ತಿದಂಗೆ ಸುತ್ಕೊಂಡು ಪಲ್ಲಕ್ಕಿ ಕೆಳಗೆ ಹೋಯ್ತು, ಹಿಂದೇನೇ ಅವನೂ ಹೋದ. ಅವನ ಹೆಗಲಿಗೆ ಅಂತ ಬೊಂಬು ಒಂದು ಗೆಣ್ಣು ಬೆಳೀತು. ಎರಡನೆಯೋನು "ಏಡಿ" ಅಂದ, ಇನ್ನೊಂದು ಗೆಣ್ಣು. ಮೂರನೆಯೋನು ಸಂಸ್ಕೃತದಲ್ಲಿ ಏನೋ ಅಂದ. ಯಾರಿಗೂ ತಿಳೀಲಿಲ್ಲ, ಪಲ್ಲಕ್ಕಿಗೂ ತಿಳೀಲಿಲ್ಲ, ಅವನ ಹೆಗಲೂ ಹೋಯ್ತು.

ಹಲಗ ಮುಂದೆ ಬಂದ.

"ನಿನಗೇನೋ ಅವಸರ?" ಅಂದ ದೊರೆ, ಕೋಟೆ ಬಾಗಿಲ ಪಕ್ಕ ಬೆತ್ತ ಊರ್ಕೊಂಡು ನಿಂತಿದ್ದೋನು.

"ಹೊತ್ತು ಕಾಯಿ ಕಟ್ಟಿರೋ ಹೆಗಲು ಬುದ್ದಿ, ಹೋದ್ರೆ ಹೋಗ್ಲಿ." ಹಲಗ ಪರದೆ ಕಡೆ ತಿರುಗಿದ. "ಅದು ಪಲ್ಲಕ್ಕಿ ಹೊತ್ತ ನಾವೇ ತಾಯಿ. ಹಿಂದಲೋರಿಗೆ ಪಲ್ಲಕ್ಕಿ ಅಡ್ಡ, ದಾರಿ ಕಾಣಲ್ಲ. ಮುಂದಲೋನ ಕಣ್ಣೇ ಎಲ್ಲರ ಕಣ್ಣು."

ಪಲ್ಲಕ್ಕಿ ಒಂದು ಗೇಣು ತಗ್ಗಿತು.

"ಮುಳ್ಳು ಒಂದೇ. ಒಬ್ಬನಿಗೆ ಚುಚ್ಚುತ್ತೆ, ಮಿಕ್ಕೋರಿಗೆ ಚುಚ್ಚಲ್ಲ. ಎಂಥ ಮುಳ್ಳು?"

"ಕೂಗಿ ಹೇಳಿದ ಮುಳ್ಳು. ಮುಂದಲೋನು ತುಳಿದು ಕೂಗ್ತಾನೆ, ನಾವು ಪಕ್ಕಕ್ಕೆ ಸರೀತೀವಿ. ನಮ್ಮಣ್ಣನ ಅಂಗಾಲು ಜರಡಿ ಆಗಿತ್ತು ತಾಯಿ. ನನ್ನದು ನೋಡಿ, ಹಸುಗೂಸಿನದು ಇದ್ದಂಗದೆ."

ಇನ್ನೊಂದು ಗೇಣು.

"ಇಬ್ಬರು ಯಜಮಾನರು. ಒಬ್ಬ ಕಣ್ಣು ಮುಚ್ಚಿದ್ರೆ ಕೆಲಸ ನಿಲ್ಲುತ್ತೆ. ಇನ್ನೊಬ್ಬ ಸತ್ರೂ ನಡೀತದೆ. ಯಾರ್ಯಾರು?"

ಹಲಗನಿಗೆ ಉತ್ತರ ಗೊತ್ತಿತ್ತು, ಹೇಳಿದ್ರೆ ತಲೆ ಉಳಿಯೋದು ಕಷ್ಟ ಅಂತಲೂ ಗೊತ್ತಿತ್ತು. ಮುಂದಲ ಬೊಂಬು ಹೊತ್ತೇ ನಿಂತಿದ್ದ ಅಣ್ಣನ ಕಡೆ ನೋಡಿದ. ಮುಖ ಬೂದಿ, ತುಟಿ ಹೊಲಿದಂಗೆ ಮುಚ್ಚಿತ್ತು.

"ಮೊದಲ್ನೇವ್ರು ನೀವು ಬುದ್ದಿ," ಅಂದ. "ಕುದುರೆ ಮೇಲೆ ಬೆತ್ತ ಹಿಡಿದು ಹಿಂದೆ ಬರ್ತೀರಿ. ನೀವು ತೂಕಡಿಸಿದ್ರೆ ನಮ್ಮ ಕಾಲೂ ನಿಲ್ತದೆ. ಇನ್ನೊಬ್ಬ ನಮ್ಮಣ್ಣ. ಅವನು ಹೋಗಿ ವರ್ಷ ಆಯ್ತು, ಇವತ್ತಿಗೂ ನಾನು ಅವನ ಕೂಗು ಕೇಳಿಯೇ ಕಲ್ಲು ದಾಟೋದು."

 ಪಲ್ಲಕ್ಕಿ ಸರ್ರನೆ ತಗ್ಗಿ, ನೆಲದಿಂದ ಒಂದು ಬೆರಳು ಮೇಲೆ ನಿಂತುಬಿಡ್ತು.

"ಸರಿಯಾಗಿ ಹೇಳಿದ್ಯಲ್ಲ, ಯಾಕೆ ಇಳೀತಿಲ್ಲ?" ಅಂದ ದೊರೆ.

"ಮುಂದಲೋನು 'ಇಳಿಸ್ರೋ' ಅನ್ನದೆ ಯಾವ ಬೋಯೀನೂ ಇಳಿಸಲ್ಲ ಬುದ್ದಿ. ಆ ದಿನ ಕಣಿವೇಲಿ ನೀವು, 'ಮಗಳ ನಿದ್ದೆ ಕೆಡ್ತದೆ, ಬಾಯಿ ಮುಚ್ಕೊಂಡು ಹೊರ್ರಿ, ದಾರಿ ನಾನು ನೋಡ್ಕೋತೀನಿ' ಅಂದ್ರಂತಲ್ಲ. ನಿಮ್ಮ ಜೊತೆಗಿದ್ದ ಛತ್ರಿ ಹಿಡಿಯೋನೇ ಹೇಳಿದ. ನಮ್ಮಣ್ಣ ಇನ್ನೂ ನಿಮ್ಮಪ್ಪಣೆ ಮೀರಿಲ್ಲ."

 ದೊರೆ ಬೆತ್ತ ಕೆಳಗಿಟ್ಟು, ಆ ಬೂದಿ ಮುಖದ ಎದುರಿಗೆ ಹೋದ. "ಬಾಯಿ ಬಿಡಪ್ಪ, ಜವರ."

ಜವರನ ತುಟಿ ಬಿಚ್ಚಿತು. ಮೊದಲು ಕಣಿವೆಯ ಮಣ್ಣು ಉದುರಿತು. ಅದರ ಹಿಂದೆ ಕೂಗು, ವರ್ಷದ ಹಿಂದೆ ಕೂಗಬೇಕಿದ್ದ ಕೂಗು: "ಮುಂದೆ ಕಮರಿ ಅದೆ ಕಣ್ರೋ, ನಿಲ್ಲಿ." ಕೋಟೆ ಕಲ್ಲು ಕಲ್ಲೂ ಅದನ್ನ ತಿರುಗಿ ಹೇಳಿತು. ಆಮೇಲೆ ತಮ್ಮನ ಕಡೆ ನೋಡ್ಕೊಂಡು, ಮೆತ್ತಗೆ, "ಇಳಿಸ್ರೋ."

ಪಲ್ಲಕ್ಕಿ ನೆಲ ಮುಟ್ಟಿತು. ಬೋಯಿಗಳು ನಾಲ್ವರೂ ಬಿಸಿಲಲ್ಲಿ ಬಿಸಿಲಾಗಿ ಹೋದ್ರು. ಪಾಳೇಗಾರರ ಮಕ್ಕಳು ನೆರಳಿನ ಸಮೇತ ಧೊಪ್ಪಂತ ಕುಕ್ಕರಿಸಿದ್ರು. ಪರದೆ ಸರಿಸಿದ್ರೆ ಒಳಗೆ ಚಿಕ್ಕತಾಯಮ್ಮನ ಒಂದು ಕಾಲ್ಗೆಜ್ಜೆ, ಇನ್ನೂ ಬೆಚ್ಚಗಿತ್ತು.

ದೊರೆ ಅರ್ಧ ರಾಜ್ಯ ಕೊಟ್ಟ, ಮಾತು ತಪ್ಪಲಿಲ್ಲ. ಆದರೆ ಅದಕ್ಕೂ ಮುಂಚೆ ಆ ಗೆಜ್ಜೇನ ಅರಮನೆಗೆ ಸೇರಿಸಬೇಕಿತ್ತು. ಮುಂದಲ ಬೊಂಬಿಗೆ ಹಲಗ ಹೆಗಲು ಕೊಟ್ಟ, ನಡುವೆ ಪಾಳೇಗಾರರ ಮಕ್ಕಳು ಕೊಟ್ರು. ಹಿಂದಲ ಬೊಂಬು ಖಾಲಿ ಇತ್ತು. ದೊರೆ ಪೇಟ ತೆಗೆದಿಟ್ಟು ಅಲ್ಲಿಗೆ ಬಂದು ನಿಂತ.

ಪಲ್ಲಕ್ಕಿ ಅಡ್ಡ, ಅವನಿಗೆ ದಾರಿ ಕಾಣಲಿಲ್ಲ.

"ಕಲ್ಲು ಅದೆ, ಬಲಕ್ಕೆ," ಅಂತ ಕೂಗಿದ ಹಲಗ.

ದೊರೆ ಬಲಕ್ಕೆ ಸರಿದ.

ಪಲ್ಲಕ್ಕಿ ಮನೆ ಸೇರ್ತು, ಕತೆ ಹೆಗಲಿಂದ ಇಳೀತು.