ಪ್ರಶ್ನೆ ಬೇಡಿದವಳು

“ಗುರುಗಳೇ, ಕಂಪ್ಯೂಟರಿನಲ್ಲಿ ಕಲಿಯುವ ಪಾಠವೊಂದನ್ನು ಸಿದ್ಧಮಾಡಿದ್ದೇನೆ. ಕಣ್ಣು ಕಾಣದವರು ಕಲಿಯಲು ಬಂದರೆ, ಪ್ರಶ್ನೆಗಳನ್ನು ಬಿಟ್ಟು ಪೂರ್ತಿ ಅಂಕ ಕೊಟ್ಟರೆ ಸಾಲದೇ?” ಎಂದು ಶಿಷ್ಯ ಮಲ್ಲಿನಾಥ ಕೇಳಿದ. ತನ್ನ ಔದಾರ್ಯದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಉಪಾಧ್ಯಾಯ ಹೃದಯದ ಬಗ್ಗೆ ಇಂಥದೇ ಪಾಠ ಮಾಡಿದ್ದ. ಒಂದೊಂದು ಭಾಗದ ಹೆಸರನ್ನೂ ಮೌಸಿನಿಂದ ಎಳೆದು ಚಿತ್ರದಲ್ಲಿ ಅದರ ಜಾಗಕ್ಕೆ ಸೇರಿಸಬೇಕು. ನೋಡಿದವರೆಲ್ಲ ಭೇಷ್ ಎಂದರು. ಉಪಾಧ್ಯಾಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಣ್ಣು ಕಾಣದ ಹೆಂಗಸೊಬ್ಬಳು ಆ ಪಾಠಕ್ಕೆ ಸೇರಿದಳು. ಅವಳು ಶಾಲೆಯೊಂದರ ಶಿಕ್ಷಕಿ; ಅದನ್ನು ಮುಗಿಸಿದರೆ ಮಾತ್ರ ಅವಳಿಗೆ ವಿಜ್ಞಾನ ಕಲಿಸಲು ತರಗತಿ ಸಿಗುತ್ತಿತ್ತು. ಪರದೆಯ ಮೇಲಿದ್ದುದನ್ನು ಅವಳ ಕಂಪ್ಯೂಟರು ಓದಿ ಹೇಳುತ್ತಿತ್ತು. ಅವಳು ಕೀಲಿ ಒತ್ತಿ ಮುಂದೆ ಸಾಗುತ್ತಿದ್ದಳು. ಈ ಪಾಠದಲ್ಲಿ ಅದು ‘ಚಿತ್ರ, ಚಿತ್ರ, ಬಟನ್, ಬಟನ್’ ಎಂದಷ್ಟೇ ಹೇಳಿತು. ಅವಳು ಉಪಾಧ್ಯಾಯನಿಗೆ ದೂರು ಹೇಳಿದಳು.

“ಚಿಂತೆ ಬೇಡಮ್ಮ, ನಿಮಗೆ ಪೂರ್ತಿ ಅಂಕ ಹಾಕಿದ್ದೇನೆ” ಎಂದ ಅವನು.

“ಅಂಕ ನಿಮ್ಮಲ್ಲೇ ಇರಲಿ ಸಾರ್, ಪ್ರಶ್ನೆ ಕೊಡಿ. ನಾಳೆ ಮಕ್ಕಳು ಏನಾದರೂ ಕೇಳಿದರೆ ಅಂಕಪಟ್ಟಿ ತೋರಿಸಲೇ?”

ಮಾತು ನಾಟಿತು. ಅವನು ಪ್ರತಿ ಚಿತ್ರಕ್ಕೂ ಬಟನ್ನಿಗೂ ಹೆಸರು ಬರೆದ. ಕಂಪ್ಯೂಟರು ಓದುವುದನ್ನು ಪರದೆ ನೋಡಿಕೊಂಡೇ ಕೇಳಿ, ಎಲ್ಲ ಸರಿಯಿದೆ ಎಂದುಕೊಂಡ. “ಪರದೆಯ ಬೆಳಕು ಆರಿಸಿ, ಮೌಸು ಮುಟ್ಟದೆ ಒಮ್ಮೆ ಪ್ರಯತ್ನಿಸಿ” ಎಂದಳು ಅವಳು. ತಾನೇ ಮಾಡಿದ ಪಾಠದ ಮೊದಲ ಪ್ರಶ್ನೆಯಲ್ಲೇ ಮಹಾನುಭಾವ ಸಿಕ್ಕಿಬಿದ್ದ. ನಾಚಿಕೆಯಾಯಿತು. ಪಟ್ಟುಹಿಡಿದು ಕೂತು, ಎಳೆಯುವ ಬದಲು ಕೀಲಿಯಿಂದಲೇ ಉತ್ತರ ಆರಿಸುವ ದಾರಿ ಮಾಡಿದ. ಸರಿಯೋ ತಪ್ಪೋ ಆ ಕ್ಷಣವೇ ಕಿವಿಗೆ ಬೀಳುವಂತೆಯೂ ಮಾಡಿದ.

ಅವಳು ಮೊದಲ ಪ್ರಶ್ನೆಗೆ ಉತ್ತರಿಸಿದಳು. ‘ತಪ್ಪು. ಮತ್ತೆ ಪ್ರಯತ್ನಿಸಿ’ ಎಂದಿತು ಕಂಪ್ಯೂಟರು. ಅವಳಿಗೆ ಹೇಳತೀರದ ಸಂತೋಷವಾಯಿತು. ತಪ್ಪಿದ್ದೆಲ್ಲಿ ಎಂದು ಪಾಠವನ್ನು ಮತ್ತೆ ಓದಿಸಿ ಕೇಳಿಕೊಂಡಳು. ವಾರದೊಳಗೆ ಪಾಠ ಮುಗಿಯಿತು, ತರಗತಿಯೂ ಸಿಕ್ಕಿತು.

ಮಲ್ಲಿನಾಥನಿಗೆ ಸಮಾಧಾನವಾಗಲಿಲ್ಲ. “ಸುಮ್ಮನೆ ಅಂಕ ತೆಗೆದುಕೊಂಡಿದ್ದರೂ ತರಗತಿ ಸಿಗುತ್ತಿತ್ತಲ್ಲ ಗುರುಗಳೇ. ತಪ್ಪು ಎನಿಸಿಕೊಳ್ಳುವುದರಲ್ಲಿ ಸಂತೋಷವೇನು?”

ಗುರುಗಳು ಮರುಪ್ರಶ್ನೆ ಕೇಳಿದರು.

“ನೀನು ತಪ್ಪಿದಾಗಲೆಲ್ಲ ನಾನೂ ಪೂರ್ತಿ ಅಂಕ ಕೊಟ್ಟು ಕಳಿಸಿದ್ದರೆ, ಇಂದು ನನ್ನನ್ನು ಗುರು ಎನ್ನುತ್ತಿದ್ದೆಯಾ?”