ರಾಜನ ಪಕ್ಕ ನಿಂತ ಹದಿನಾರು ಪ್ಲಸ್ಸುಗಳು

ಒಂದಾನೊಂದು ಊರಾಗ ಅಂತ ಶುರು ಮಾಡಬೇಕು. ಆದ್ರ ಆ ಊರು ಒಂದಲ್ಲ, ಒಂದೂಕಾಲು. ಆ ಕಾಲು ಊರು ಎಲ್ಲಿತ್ತು ಅಂತ ಈಗ ಕೇಳಬ್ಯಾಡ್ರಿ, ಕೇಳಿದ್ರ ಕತಿ ಅಲ್ಲೇ ಕುಂತುಬಿಡ್ತೈತಿ. ಸುಮ್ಮನ ಹ್ಞೂಂ ಅನ್ಕೋತ ಕೇಳ್ರಿ.

ಆ ಒಂದೂಕಾಲು ಊರಿಗೆ ಗಿರಿಮಲ್ಲ ಅಂತ ಒಬ್ಬ ರಾಜ. ಅಂವಗ ಆನಿ ಇರಲಿಲ್ಲ, ಕುದುರಿ ಇರಲಿಲ್ಲ, ಮೀಸಿ ಇತ್ತು. ಕರ್ರಗಿನ ಮೀಸಿ. ಅದರ ಎಡಗಡೆ ತುದಿಗೆ ಒಂದೇ ಒಂದು ಕೆಂಪು ಕೂದಲು. ತಾಸಿಗೊಮ್ಮೆ ಕನ್ನಡಿ ತರಿಸಿ ಅದನ್ನ ನೋಡ್ಕೋತಿದ್ದ. "ಐತಿ" ಅಂತಿದ್ದ. ದರಬಾರಿನವರೆಲ್ಲ "ಐತ್ರಿ, ಐತ್ರಿ" ಅಂತಿದ್ರು. ಆಮ್ಯಾಲ ರಾಜ್ಯದ ಕೆಲಸ ಮುಂದ ಸಾಗತಿತ್ತು.

ಅವನ ಅವ್ವ ನೀಲಗಂಗವ್ವಗ ತೊಂಬತ್ತೆಂಟು ವರ್ಷ. ಕಣ್ಣು ಮಂಜಾಗಿ ಏನೂ ಕಾಣತಿರಲಿಲ್ಲ, ಮಗನ ಆ ಕೆಂಪು ಕೂದಲೊಂದು ಕಾಣತಿತ್ತು. ಹ್ಯಾಂಗ ಅಂತೀರಿ? ತಾಯಿ ಕಣ್ಣು, ನಾ ಏನ್ ಹೇಳ್ಲಿ. ದಿನಾ ಮಧ್ಯಾಹ್ನ ರಾಜ ಬಂದು ಎದುರಿಗೆ ಕುಂದ್ರಬೇಕು. ಆಕಿ ಕೂದಲು ನೋಡಿ "ಹ್ಞಾಂ, ನನ್ನ ಮಗ" ಅನ್ನಬೇಕು. ಅಂವ ಮೊದಲ ತುತ್ತು ಆಕಿ ಬಾಯಿಗೆ ಇಡಬೇಕು. ಅಂದ್ರ ಊಟ, ಇಲ್ಲಾಂದ್ರ ಇಲ್ಲ.

ಒಂದಿನ ಆಕಿ ಅಂದ್ಲು, "ಮಗಾ, ನೀ ಎದ್ದು ಹ್ವಾದ್ರ ನನಗ ಉಳಿದ ದಿನ ಎಲ್ಲಾ ಕತ್ತಲಿ."

ರಾಜನ ಕರುಳು ಚುರ್ ಅಂತು. ದಿವಾನ ಬಸಲಿಂಗಯ್ಯನ್ನ ಕರೆದು ಹೇಳಿದ, "ಒಂದೂಕಾಲು ಊರಿನ ಮಂದಿ ಎಲ್ಲಾ ನನ್ನ ಮಾರಿ ಇರೋ ಅಂಗಿ ಹಾಕ್ಕೋಬೇಕು. ಅವ್ವ ಯಾವ ಕಡಿ ತಿರುಗಿದ್ರೂ ಕೆಂಪು ಕೂದಲು ಕಾಣಬೇಕು."

ದಿವಾನ ಆಜ್ಞೆ ಬರೆದ. ಅಂವಗ ಒಂದು ಚಟ, ಬರೆದ ಆಜ್ಞೆಗೆ ಬಾಲ ಹಚ್ಚೋದು. ಇದಕ್ಕೂ ಹಚ್ಚಿದ: "ರಾಜನ ಚಿತ್ರ ಬ್ಯಾರೆ, ರಾಜ ಬ್ಯಾರೆ ಅಂತ ಫರಕು ಇರಕೂಡದು." ಆಜ್ಞೆ ಅಂದ ಮ್ಯಾಲ ಮುಗೀತು. ಅವತ್ತಿಂದ ಫರಕು ಇರಲಿಲ್ಲ.

ಅಂಗಿ ಮ್ಯಾಲ ಬಣ್ಣ ಒತ್ತೋರು ಆ ಊರಾಗ ಬೇಕಾದಷ್ಟು ಇದ್ರು. ಆದ್ರ ಒತ್ತೋದಕ್ಕಿಂತ ಮೊದಲು ಚಿತ್ರಾನ ಕಂಪ್ಯೂಟರಿನ್ಯಾಗ ಹದಕ್ಕ ತರೋದು ಐತಲ್ಲ, ಅದು ಬಲ್ಲಾಕಿ ಒಬ್ಬಾಕೀನ, ಫಕೀರವ್ವ. ಏನ್ ಕೈ ಅಂತೀರಿ ಆಕೀದು! ನಾನೂ ಎಪ್ಪತ್ತು ವರ್ಷ ಕತಿ ಹೇಳ್ಕೋತ ಬಂದೀನಿ, ಆಕಿಯಷ್ಟು ತಾಳ್ಮಿ ನನಗ ಒಂದು ದಿನಾನೂ ಬಂದಿಲ್ಲ. ಆಕಿ ಕಂಪ್ಯೂಟರಿಗೆ ಮಾತು ಬರತಿತ್ತು. ಒಳ್ಳೆ ಮಾತು ಮಾತ್ರ ಬರತಿರಲಿಲ್ಲ.

ದಿವಾನ ಉಗುರಿನಷ್ಟು ಸಣ್ಣ ಫೋಟೋ ಕಳಿಸಿದ. ಕಂಪ್ಯೂಟರು, "ಇದೇನಬೇ, ರಾಜನೋ ನೊಣಾನೋ? ಎದಿ ಅಗಲ ಹಿಗ್ಗಿಸಿದ್ರ ಚೌಕ ಚೌಕ ಆಗ್ತೈತಿ" ಅಂತು.

"ಹಿಗ್ಗಿಸು" ಅಂದ ದಿವಾನ.

ಹಿಗ್ಗಿಸಿದ್ಲು. ಅಲ್ಲಿ ಅರಮನ್ಯಾಗ ರಾಜನ ಮೂಗು ಚೌಕ ಆತು. ಫರಕು ಇಲ್ಲಲ್ಲ! ಸೀನಿದ್ರ ಇಟ್ಟಂಗಿ ಬೀಳತಿದ್ವು. ನಾಕು ದಿನ ಸೀನಿದ, ಆ ಇಟ್ಟಂಗಿಲೇ ಮಂದಿ ಕಾಲು ಊರು ಕಟ್ಟಿದ್ರು. ಅದು ಮೊದಲ ಇತ್ತಲ್ಲ ಅಂತೀರೇನು? ಕೇಳಬ್ಯಾಡ್ರಿ ಅಂತ ಹೇಳಿದ್ದೆ.

ಫಕೀರವ್ವ ಗಾಬರಿ ಆಗಲಿಲ್ಲ. "ದಿವಾನ್ರ, ಸಣ್ಣದನ್ನ ಹಿಗ್ಗಿಸಬಾರದ್ರಿ, ದೊಡ್ಡದಾಗೇ ತಗೀಬೇಕು" ಅಂದು ಹೊಸ ಫೋಟೋ ತಗದ್ಲು. ಮೂಗು ಮೂಗಿನಂಗ ಆತು. ಆಮ್ಯಾಲ ಗಲ್ಲದ ನೆರಳಿಗೆ ಕೈ ಹಾಕಿದ್ಲು. ಒತ್ತೋ ಬಣ್ಣಕ್ಕ ತೆಳು, ದಟ್ಟ ಅಂತ ಗೊತ್ತಿಲ್ಲ ನೋಡ್ರಿ. ಬಿದ್ದಲ್ಲಿ ಬಿತ್ತು, ಇಲ್ಲದಲ್ಲಿ ಇಲ್ಲ. ಅದಕ್ಕ ಆಕಿ ನೆರಳನ್ನೆಲ್ಲ ಚುಕ್ಕಿ ಮಾಡಿದ್ಲು. ದಟ್ಟ ಇದ್ದಲ್ಲಿ ದಪ್ಪ ಚುಕ್ಕಿ, ತೆಳು ಇದ್ದಲ್ಲಿ ಸಣ್ಣ ಚುಕ್ಕಿ. ದೂರಿಂದ ನೋಡಿದ್ರ ಗಲ್ಲ, ಹತ್ತಿರ ಹ್ವಾದ್ರ ಸಾಸಿವಿ ಚೆಲ್ಲಿದಂಗ. ಗುಬ್ಬಿ ಬಂದು ರಾಜನ ಗಲ್ಲ ಹೆಕ್ಕಿ ನೋಡಿ, ಮೋಸ ಹೋಗಿ, ಬೈಕೋತ ಹಾರಿಹೋದ್ವು. ಹಂಗ ಇತ್ತು ಆಕಿ ಕೆಲಸ.

ಕಡೀಗೆ ಬಣ್ಣ ಬಿಡಿಬಿಡಿ ಮಾಡೋ ಕೆಲಸ. ಒಂದು ಬಣ್ಣಕ್ಕ ಫಿಲ್ಮು ಅನ್ನೋ ಒಂದು ಪಾರದರ್ಶಕ ಹಾಳಿ, ಒಂದು ಹಾಳಿಗೆ ಸ್ಕ್ರೀನು ಅನ್ನೋ ಬಣ್ಣ ಇಳಿಸೋ ಒಂದು ಜಾಲರಿ. ಒಂದರ ಮ್ಯಾಲ ಒಂದು ಒತ್ತಿದ್ರ ಪೂರ್ತಿ ಚಿತ್ರ. ಫಕೀರವ್ವ ರಾಜನ್ನ ಹಳದಿ, ಕೆಂಪು, ನೀಲಿ, ಕಪ್ಪು ಅಂತ ನಾಕು ಹಾಳ್ಯಾಗ ಬಿಡಿಸಿದ್ಲು. ಪ್ರತಿ ಹಾಳಿಯ ನಾಕು ಮೂಲಿಗೆ ಒಂದೊಂದು ಸಣ್ಣ ಪ್ಲಸ್ ಗುರುತು ನಿಲ್ಲಿಸಿದ್ಲು. ಪ್ಲಸ್ಸಿನ ಮ್ಯಾಲ ಪ್ಲಸ್ಸು ಕುಂತ್ರ ಬಣ್ಣದ ಮ್ಯಾಲ ಬಣ್ಣ ಕುಂತಂಗ. ಹದಿನಾರು ಪ್ಲಸ್ಸು ನಿಲ್ಲಿಸಿ, ಕೈ ತೊಳಕೊಂಡು ಊಟಕ್ಕ ಹ್ವಾದ್ಲು.

ಆಗ ದಿವಾನ ಬಂದು ಹಾಳಿ ನೋಡಿದ. "ಯಾರಿವರು? ರಾಜನ ಜೋಡಿ ಸರಿಸಮ ನಿಂತಾರ! ರಾಜನ ಪಕ್ಕ ಯಾರೂ ನಿಲ್ಲಬಾರದು ಅಂತ ಅವರಜ್ಜನ ಕಾಲದ ಕಾನೂನು ಐತಿ."

ಕಂಪ್ಯೂಟರು, "ಅವು ಮಂದಿ ಅಲ್ಲೋ ಯಪ್ಪಾ" ಅಂತು.

"ಮಂದಿ ಅಲ್ಲದವರಂತೂ ನಿಲ್ಲಲೇಬಾರದು" ಅಂದ ದಿವಾನ. ಹದಿನಾರನ್ನೂ ಅಳಿಸಿ ಒಗದ.

ಅಳಿಸಿದ್ದ ತಡ, ಅರಮನ್ಯಾಗ ರಾಜ ನಾಕಾದ! ಹಳದಿ ರಾಜ, ಕೆಂಪು ರಾಜ, ನೀಲಿ ರಾಜ, ಕರೇ ರಾಜ. ಕಣ್ಣು ನೀಲಿಯವನ ಹತ್ತಿರ, ತುಟಿ ಕೆಂಪನ ಹತ್ತಿರ, ಮೀಸಿ ಕರಿಯವನ ಹತ್ತಿರ. ಹಲ್ಲು ಯಾರ ಹತ್ತಿರಾನೂ ಇಲ್ಲ, ಹಲ್ಲು ಅಂದ್ರ ಬಣ್ಣ ಒತ್ತದ ಬಿಟ್ಟ ಬಿಳಿ ಅಂಗೀನ. ನಾಕು ಮಂದಿ ನಾಕು ಬಾಗಲಿಂದ ಹೊಂಟ್ರು.

ಮಧ್ಯಾಹ್ನ ಆತು. ನೀಲಗಂಗವ್ವ ತಾಟಿನ ಮುಂದ ಕುಂತಾಳ. ರೊಟ್ಟಿ, ಪುಂಡಿಪಲ್ಯ, ಸಜ್ಜಕ. ಕರೇ ರಾಜ ಬಂದು ಕುಂತ. ಮೀಸಿ ಐತಿ, ಕೂದಲಿಲ್ಲ. ಕೆಂಪು ರಾಜ ಬಂದು ಕುಂತ. ಕೂದಲು ಐತಿ, ಮೀಸಿ ಇಲ್ಲ. ಆ ಕೂದಲು ಗಾಳ್ಯಾಗ ಒಂದ ನಿಂತಿತ್ತು.

"ನನ್ನ ಮಗ ಎಲ್ಲಿ?" ಅಂದು ಮುದುಕಿ ತಾಟು ಸರಿಸಿದ್ಲು.

ಊಟ ಮುಗಿಸಿ ಬಂದ ಫಕೀರವ್ವ ಹಾಳಿ ನೋಡಿ ಎದಿ ಎದಿ ಬಡಕೊಂಡ್ಲು. "ದಿವಾನ್ರ, ಆ ಗುರುತು ಇಲ್ಲಾಂದ್ರ ನಾಕು ಬಣ್ಣ ಒಂದಕ್ಕೊಂದು ಕೂಡಂಗಿಲ್ಲರಿ!"

"ನೀ ಸುಮ್ಮನಿರಬೇ, ನಾ ಕೂಡಸ್ತೀನಿ" ಅಂದ ದಿವಾನ. ನಾಕು ರಾಜರನ್ನ ಹಿಡಿದು ಅಂದಾಜಿನ ಮ್ಯಾಲ ಒಬ್ಬನ ಮ್ಯಾಲ ಒಬ್ಬನ್ನ ನಿಲ್ಲಿಸಿದ. ಕೆಂಪು ಕೂದಲು ಕಿವ್ಯಾಗ ಬಂತು. ಮುದುಕಿ, "ಕಿವ್ಯಾಗ ಮೀಸಿ ಬೆಳೆಸೋ ಮಗನ್ನ ನಾ ಹಡದಿಲ್ಲ" ಅಂದ್ಲು. ಸ್ವಲ್ಪ ಸರಿಸಿದ. ಮೂಗಿನ ತುದಿಗೆ ಬಂತು. "ಇಂವನ್ನಂತೂ ಹಡದಿಲ್ಲ" ಅಂದ್ಲು. ಇನ್ನೂ ಸರಿಸಿದ. ಕೂದಲು ರಾಜನ್ನ ಬಿಟ್ಟು ದಿವಾನನ ಗದ್ದಕ್ಕ ಬಂತು. ಮುದುಕಿ ದಿವಾನನ್ನ ಹತ್ತಿರ ಕರೆದು, ಕಣ್ಣು ಸಣ್ಣ ಮಾಡಿ ನೋಡಿ, ಗದ್ದದ ಮ್ಯಾಲ ಒಂದು ಬಿಟ್ಲು.

ಹಿಂಗ ಮೂರು ದಿನ. ಮೂರು ದಿನ ಆ ಜೀವ ಒಂದು ಅಗಳು ಮುಟ್ಟಲಿಲ್ಲ. ಧ್ವನಿ ಇಳೀತು. ಇಲ್ಲಿ ನಗಬ್ಯಾಡ್ರಿ.

ನಾಕನೇ ದಿನ ದಿವಾನ ಸೋತು ಫಕೀರವ್ವನ ಬಾಗಲಿಗೆ ಬಂದ. "ತಪ್ಪಾತಬೇ ತಾಯಿ" ಅಂದ.

ಆಕಿ ಬಯ್ಯಲಿಲ್ಲ. ನಾ ಆಗಿದ್ರ ಬೈತಿದ್ದೆ. ಆಕಿ ಕಂಪ್ಯೂಟರಿನ ಕಸದ ಬುಟ್ಟಿ ತಗದ್ಲು. ಒಳಗ ಹದಿನಾರೂ ಪ್ಲಸ್ಸು ಮುದ್ದಿ ಆಗಿ ಕುಂತಿದ್ವು.

"ಬರ್ರೆವಾ, ಕೆಲಸ ಐತಿ" ಅಂದ್ಲು ಫಕೀರವ್ವ.

"ಬರಂಗಿಲ್ಲ" ಅಂದ್ವು ಹದಿನಾರೂ. "ರಾಜ ತಾನ ಕರೀಬೇಕು. ನನ್ನ ಪಕ್ಕ ನಿಲ್ಲರಿ ಅನ್ನಬೇಕು."

"ಮತ್ತೇನು ಬೇಕು?" ಅಂದ ದಿವಾನ. "ಅಂಗಿ ಮ್ಯಾಲ ದೊಡ್ಡದಾಗಿ ಕಾಣಬೇಕೇನು?"

"ಛೀ! ಅಂಗಿ ಮ್ಯಾಲ ನಾವು ಬರಲೇಬಾರದು. ಬಣ್ಣ ಒತ್ತೋ ಮುಂದ ನಮ್ಮ ಮ್ಯಾಲ ಟೇಪು ಹಚ್ಚಿ ಮುಚ್ಚಬೇಕು. ಅದು ನಮ್ಮ ಕುಲದ ಪದ್ಧತಿ."

ದಿವಾನ ಇಡೀ ಜನ್ಮದಾಗ ಇಂಥಾ ಬೇಡಿಕಿ ಕೇಳಿರಲಿಲ್ಲ. ಬಾಲ ಹಚ್ಚೋದು ಬಿಟ್ಟು ರಾಜರನ್ನ ಹುಡುಕಾಕ ಓಡಿದ.

ನಾಕು ರಾಜರನ್ನ ಕರಕೊಂಡು ಬಂದ್ರು. ಒಬ್ಬೊಬ್ಬನ ಹತ್ತಿರ ಮಾತಿನ ಕಾಲು ಭಾಗ ಅಷ್ಟ ಇತ್ತು. ಹಳದಿ ರಾಜ "ನಮ್ಮವ್ವ" ಅಂದ. ಕೆಂಪು ರಾಜ "ಮೂರು ದಿನ ಆತು" ಅಂದ. ನೀಲಿ ರಾಜ "ಉಂಡಿಲ್ಲ" ಅಂದ. ಕರೇ ರಾಜ ತಲಿ ತಗ್ಗಿಸಿ "ನನ್ನ ಪಕ್ಕ ನಿಲ್ಲರೆಪ್ಪಾ" ಅಂದ. ಆ ವಂಶದಾಗ ಯಾವ ರಾಜನೂ ಆಡದ ಮಾತು ಅದು.

ಪ್ಲಸ್ಸುಗಳು ಧೂಳು ಝಾಡಿಸ್ಕೊಂಡು ಎದ್ದು ಬಂದ್ವು. ಫಕೀರವ್ವ ಭೂತಗನ್ನಡಿ ಹಿಡಿದು ಕುಂತ್ಲು. ಮೊದಲು ಹಳದಿ. ಅದರ ಮ್ಯಾಲ ಕೆಂಪು, ಪ್ಲಸ್ಸಿಗೆ ಪ್ಲಸ್ಸು. ಅದರ ಮ್ಯಾಲ ನೀಲಿ, ಪ್ಲಸ್ಸಿಗೆ ಪ್ಲಸ್ಸು. ಕಡೀಗೆ ಕಪ್ಪು. ಒಂದು ಕೂದಲೆಳಿ ಸರಿಸಿದ್ಲು. ಉಸಿರು ಹಿಡಿದ್ಲು. ಇನ್ನರ್ಧ ಎಳಿ ಸರಿಸಿದ್ಲು. ಟಕ್! ಕೆಂಪು ಕೂದಲು ಕರೇ ಮೀಸಿಯೊಳಗ, ಎಡಗಡೆ ತುದಿಗೆ, ತನ್ನ ಜಾಗಕ್ಕ ಹೋಗಿ ಕುಂತಿತು. ರಾಜ ಒಬ್ಬ ಆದ. ಭಲೆ ಫಕೀರವ್ವ, ಭಲೆ! ನೀವೂ ಅನ್ರಿ!

ರಾಜ ಕನ್ನಡಿ ಕೇಳಲಿಲ್ಲ. ಓಡಿದ. ಅವ್ವನ ಎದುರಿಗೆ ಕುಂತ. ಮುದುಕಿ ಮೆಲ್ಲಕ ಮಾರಿ ಎತ್ತಿ ನೋಡಿದ್ಲು.

"ಹ್ಞಾಂ, ನನ್ನ ಮಗ" ಅಂದ್ಲು. ಬಾಯಿ ತಗದ್ಲು.

ಮರುದಿನ ಅಂಗಿ ತಯಾರಾದ್ವು. ಟೇಪು ಹಚ್ಚಿ ಒತ್ತಿದ್ರು, ಮೂಲ್ಯಾಗ ಒಂದು ಪ್ಲಸ್ಸೂ ಬೀಳಲಿಲ್ಲ. ಮೊದಲ ಅಂಗಿ ತಂದು ನೀಲಗಂಗವ್ವನ ತೊಡಿ ಮ್ಯಾಲ ಹಾಸಿದ್ರು. ಆಕಿ ಕೆಂಪು ಕೂದಲು ನೋಡಿ ನಕ್ಕಳು. ಆಮ್ಯಾಲ ಚಿತ್ರದ ಸುತ್ತ ಖಾಲಿ ಇದ್ದ ನಾಕು ಮೂಲಿ ಮ್ಯಾಲ ಮೆಲ್ಲಕ ಕೈಯಾಡಿಸಿದ್ಲು.

"ಮಗಾ, ಇಲ್ಲಿ ಯಾರೋ ನಿಂತಿದ್ರಲ್ಲ. ಎಲ್ಲಿ ಹ್ವಾದ್ರು? ಅವರಿಗೆ ಊಟ ಆತೇನು?"

ರಾಜ ತಾನ ಎದ್ದು ಹದಿನಾರು ತಾಟು ಹಾಕಿದ. ಹದಿನೇಳನೇದು ಅವ್ವನ ಪಕ್ಕ ಹಾಕಿ, ಫಕೀರವ್ವನ್ನ ಕೈ ಹಿಡಿದು ಕೂಡಿಸಿದ. ಬಡಿಸಿದಂವ ದಿವಾನ. ಆ ಒಂದೂಕಾಲು ಊರಾಗ ಇವತ್ತಿಗೂ ಹೊಸ ಅಂಗಿ ತೊಟ್ಟ ದಿನ, ಉಣ್ಣೋ ಮೊದಲು, "ಮೂಲ್ಯಾಗ ನಿಂತವರದು ಊಟ ಆತೇನು?" ಅಂತ ಕೇಳ್ತಾರ.

ಈ ಕತಿಯ ನೀತಿ ಏನಂದ್ರ, ಸೀನೋ ರಾಜನ ಮುಂದ ಇಟ್ಟಂಗಿ ಹೊರೋ ಬುಟ್ಟಿ ಇಟ್ಕೊಂಡು ನಿಲ್ಲಬೇಕು. ಬಣ್ಣ ಒಣಗಿತು, ಕತಿ ಮುಗೀತು. ಅಂಗಿ ಮಡಚ್ರಿ, ಏಳ್ರಿ, ಉಣ್ಣಾಕ ನಡೀರಿ. ಯಾರದರ ಊಟ ಆಗಿಲ್ಲೇನು, ನೋಡ್ರಿ.