ಗಂಗಮಾಳಮ್ಮನ ಮಗ ವಿಮಾನ ಹಾರಿಸಿದ್ದು

ಬನ್ರಪ್ಪಾ, ಹತ್ತಿರ ಸರ್ಕೊಂಡು ಕೂತ್ಕೊಳ್ಳಿ. ನಗು ಬಂದ್ರೆ ನಗಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಎಲ್ಲಾದ್ರೂ ಗಂಗಮಾಳಮ್ಮ ಎದುರಿಗೆ ಸಿಕ್ಕಿದ್ರೆ ಮಾತ್ರ ಹಲ್ಲು ಕಿಸೀಬೇಡಿ. ಆ ತಾಯಿ ಪಟ್ಟ ಪಾಡು ಆ ತಾಯಿಗೇ ಗೊತ್ತು.

ತೂರುಗುಡ್ಡದ ಬುಡದಲ್ಲಿ ಅವಳ ಮನೆ. ಹಪ್ಪಳ ಮಾಡಿ ಮಾರೋಳು. ಗಂಡ ಇಲ್ಲ. ಒಬ್ಬನೇ ಮಗ, ಹೆಸರು ಚಿತ್ತಯ್ಯ. ಮೂವತ್ತು ವರ್ಷ ಆಗಿತ್ತು ಅವನಿಗೆ. ಮೀಸೆ ಬಂತು, ತೋಳಿಗೆ ಬಲ ಬಂತು, ಬುದ್ಧಿ ಒಂದು ಬರ್ಲಿಲ್ಲ. ಕೆಟ್ಟವನಲ್ಲ ರೀ! ಸುಳ್ಳು ಹೇಳಲ್ಲ, ಮೈಗಳ್ಳ ಅಲ್ಲ. ಹೇಳಿದ್ದು ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ, ಹೇಳಿದಷ್ಟೇ ಮಾಡ್ತಾನೆ. ಕಷ್ಟ ಬಂದಿದ್ದೇ ಅಲ್ಲಿ.

ಹೋದ ಬೇಸಿಗೇಲಿ ಏನಾಯ್ತು ಕೇಳಿ. ಮಹಡಿ ಮೇಲೆ ಹಪ್ಪಳ ಒಣಹಾಕಿ, "ಚಿತ್ತಯ್ಯಾ, ಇಲ್ಲೇ ಕೂತು ಕಾಗೆ ಓಡಿಸ್ತಾ ಇರು" ಅಂದ್ಲು ಗಂಗಮಾಳಮ್ಮ. ಅಂದವಳೇ ತಲೆ ಸುತ್ತಿ ದೊಪ್ಪಂತ ಬಿದ್ಲು. ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ಮಗ ಪಕ್ಕದಲ್ಲೇ ಕೂತಿದಾನೆ! "ಹುಶ್! ಹುಶ್!" ಅಂತ ಕಾಗೆ ಓಡಿಸ್ತಾ ಇದಾನೆ!

"ನಾನು ಬಿದ್ದಿದ್ದು ಕಾಣ್ಲಿಲ್ವೇನೋ?"

"ಕಾಣಿಸ್ತಮ್ಮ."

"ಯಾರನ್ನಾದ್ರೂ ಕೂಗೋದಲ್ವೇನೋ?"

"ಕಾಗೆ ಓಡಿಸು ಅಂದಿದ್ದೆ. ಒಂದು ಕಾಗೆನೂ ಕೂರೋಕೆ ಬಿಟ್ಟಿಲ್ಲ ನೋಡು! ನಿನ್ನ ಮೇಲೂ ಕೂರೋಕೆ ಬಿಟ್ಟಿಲ್ಲ!"

ಅವತ್ತಿಂದ ಆ ತಾಯಿ ಎದೆಯಲ್ಲಿ ಒಂದೇ ಕೊರೆತ. ನಾನು ಕಣ್ಣು ಮುಚ್ಚಿದ್ರೆ ಇವನ ಗತಿ ಏನು? ಅನ್ನ ಹಾಕೋರು ಯಾರು? ಉಣ್ಣೋಕೆ ಕೂತ್ರೆ ಅದೇ ಯೋಚನೆ, ಹಿಟ್ಟು ಕಲಸೋಕೆ ಕೂತ್ರೆ ಅದೇ ಯೋಚನೆ.

ಅದೇ ಊರಲ್ಲಿ ನಾಗಭೂಷಣ ಮೇಷ್ಟ್ರು ಅಂತ ಇದ್ರು. ಊರೋರೆಲ್ಲ ವಿಮಾನದ ಮೇಷ್ಟ್ರು ಅಂತಿದ್ರು. ಯಾಕಂದ್ರೆ ಅವರು ಮಾಡ್ತಿದ್ದದ್ದೇ ವಿಮಾನ. ದೊಡ್ಡ ಜೆಟ್ ವಿಮಾನ ಇರುತ್ತಲ್ಲ, ಅದನ್ನೇ ಅಳತೆ ಇಳಿಸಿ ಒಂದು ಮಾರುದ್ದ ಮಾಡೋರು. ಮೂತಿ ಹಾಗೇ, ಬಾಲ ಹಾಗೇ, ಬಣ್ಣ ಹಾಗೇ. ಇಂಜಿನ್ ಮಾತ್ರ ಇಲ್ಲ! ಆಷಾಢದ ಗಾಳಿ ತೂರುಗುಡ್ಡಕ್ಕೆ ಬಡಿದು ಮೇಲಕ್ಕೆ ನುಗ್ಗುತ್ತೆ ನೋಡಿ, ಗುಡ್ಡದ ಅಂಚಿಂದ ಆ ಗಾಳಿಗೆ ತೂರಿಬಿಟ್ರೆ ಹದ್ದಿನ ಹಾಗೆ ತೇಲ್ತಾ ಇರುತ್ತೆ. ಮೇಷ್ಟ್ರು ಅಂಚಲ್ಲಿ ನಿಂತು ರಿಮೋಟಿನಲ್ಲಿ ಅತ್ತ ಇತ್ತ ತಿರುಗಿಸೋರು.

ಗಂಗಮಾಳಮ್ಮ ಹೋಗಿ ಅವರ ಬಾಗಿಲಲ್ಲಿ ಸೆರಗೊಡ್ಡಿ ನಿಂತ್ಲು. "ಬುದ್ಧಿ, ನನ್ನ ಮಗನಿಗೆ ಒಂದು ದಾರಿ ಮಾಡಿ."

ಮೇಷ್ಟ್ರು ಒಳ್ಳೆಯವರು. "ನೋಡಮ್ಮ, ಆಷಾಢದ ಕಡೇ ಭಾನುವಾರ ಊರೂರಿನೋರು ಗುಡ್ಡದ ಮೇಲೆ ಸೇರಿ ವಿಮಾನ ಹಾರಿಸ್ತೀವಿ, ಅದಕ್ಕೆ ಇನ್ನು ಹತ್ತು ದಿನ ಇದೆ. ಅಷ್ಟರಲ್ಲಿ ಒಂದು ವಿಮಾನ ಮುಗಿಸ್ಬೇಕು. ಚಿತ್ತಯ್ಯ ನನ್ನ ಜೊತೆ ಕೆಲಸ ಮಾಡ್ಲಿ. ಅವತ್ತು ಅವನ ಕೈಯಿಂದ್ಲೇ ಅದು ಗಾಳಿಗೆ ಏರಲಿ. ಏರಿದ್ರೆ ಅವನು ಕಡೇತನಕ ನಮ್ಮನೆಯವನು. ನಾನು ಹೋದ ಮೇಲೂ ನನ್ನ ಮಗಳು ನೋಡ್ಕೋತಾಳೆ, ಅವಳದ್ದೂ ಇದೇ ಕೆಲಸ. ಏರಲಿಲ್ಲ ಅಂದ್ರೆ ನನ್ನನ್ನ ಏನೂ ಕೇಳಬೇಡ."

ಆಯ್ತು. ಚಿತ್ತಯ್ಯ ಕೆಲಸಕ್ಕೆ ಹೋದ.

ಮೊದಲನೇ ದಿನ ಮೇಷ್ಟ್ರು ಒಂದು ರೆಕ್ಕೆ ಕೊಟ್ರು. ಬೆಂಡಿನಂಥ ಹಗುರ ಮರದ್ದು. ಕೈಗೆ ಎಮರಿ ಪೇಪರ್ ಕೊಟ್ಟು, "ಉಜ್ಜಪ್ಪ. ಊಟಕ್ಕೆ ಕರೀತೀನಿ, ಅಲ್ಲೀತನಕ ಉಜ್ಜು" ಅಂದ್ರು. ಚಿತ್ತಯ್ಯ ಉಜ್ಜಿದ. ಹತ್ತು ಗಂಟೆಗೆ ನುಣ್ಣಗಾಯ್ತು. ಉಜ್ಜಿದ. ಹನ್ನೊಂದಕ್ಕೆ ತೆಳ್ಳಗಾಯ್ತು. ಉಜ್ಜಿದ. ಮೇಷ್ಟ್ರಿಗೆ ಯಾರೋ ನೆಂಟರು ಬಂದು ಕರೆಯೋದೇ ಮರೆತುಹೋಯ್ತು. ಉಜ್ಜಿದ, ಉಜ್ಜಿದ, ಉಜ್ಜಿದ! ಮೂರು ಗಂಟೆಗೆ ಮೇಷ್ಟ್ರು ಓಡಿ ಬಂದು ನೋಡ್ತಾರೆ, ರೆಕ್ಕೆ ಎಲ್ಲಿ? ಮೊಣಕಾಲುದ್ದ ಹುಡಿ, ಮಧ್ಯೆ ಚಿತ್ತಯ್ಯ!

ಮನೇಲಿ ಗಂಗಮಾಳಮ್ಮ ಹಣೆ ಚಚ್ಚಿಕೊಂಡ್ಲು. "ಅಯ್ಯೋ ಪೆದ್ದು ಮುಂಡೇದೆ! ನಾನು ಹಪ್ಪಳ ಲಟ್ಟಿಸ್ವಾಗ ಏನ್ಮಾಡ್ತೀನೋ? ಆಗಾಗ ಬೆರಳಿಟ್ಟು ನೋಡ್ತೀನಿ. ನೀನೂ ಆಗಾಗ ಬೆರಳಿಟ್ಟು ನೋಡ್ಬೇಕು ಕಣೋ!"

"ಸರಿಯಮ್ಮ. ಹಾಗೇ ಮಾಡ್ತೀನಿ."

ಮಾಡಿದ! ಮಾಡದೇ ಇರ್ತಾನಾ? ಮೇಷ್ಟ್ರು ಹೊಸ ರೆಕ್ಕೆ ತಾವೇ ಉಜ್ಜಿಕೊಂಡ್ರು. ಆಮೇಲೆ ವಿಮಾನದ ಮೈಗೆ ಬೆಳ್ಳಿ ಬಣ್ಣ ಹೊಡೆದು, "ಇದನ್ನ ನೋಡ್ಕೊಂಡಿರು ಚಿತ್ತಯ್ಯ" ಅಂತ ಸ್ನಾನಕ್ಕೆ ಹೋದ್ರು. ಹಸಿ ಬಣ್ಣ, ಕನ್ನಡಿ ಹಾಗೆ ಹೊಳೀತಿತ್ತು. ಚಿತ್ತಯ್ಯ ಒಂದು ಬೆರಳಿಟ್ಟು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬೆರಳಿಟ್ಟು ನೋಡಿದ. ಮೂತಿಗೆ ಇಟ್ಟ, ಹೊಟ್ಟೆಗೆ ಇಟ್ಟ, ಬಾಲಕ್ಕೆ ಇಟ್ಟ. ಮೇಷ್ಟ್ರು ತಲೆ ಒರೆಸ್ತಾ ಬಂದ್ರೆ ವಿಮಾನಕ್ಕೆ ಮೈತುಂಬ ಸಿಡುಬು ಎದ್ದ ಹಾಗೆ ಆಗಿತ್ತು!

"ಏನೋ ಇದು?"

"ಆಗಾಗ ನೋಡಿದೀನಿ ಮೇಷ್ಟ್ರೇ. ಎಲ್ಲೂ ಬಿಟ್ಟಿಲ್ಲ!"

ಮೇಷ್ಟ್ರು ಎಮರಿ ಪೇಪರ್ ತಗೊಂಡು ಬಣ್ಣ ಉಜ್ಜೋಕೆ ಕೂತ್ರು. ಸುದ್ದಿ ಗಂಗಮಾಳಮ್ಮನ ಕಿವಿಗೂ ಬಿತ್ತು. ಆರು ದಿನ ಉಳಿದಿತ್ತು. "ಹಸೀದನ್ನ ಮುಟ್ತಾರೇನೋ? ಹಪ್ಪಳ ಹಸಿ ಇದ್ರೆ ನಾನೇನು ಮಾಡ್ತೀನಿ? ಬಿಸಿಲಿಗೆ ಹಾಕ್ತೀನಿ. ಶಾವಿಗೆ ಆದ್ರೆ ಹಗ್ಗದ ಮೇಲೆ ನೇತುಹಾಕ್ತೀನಿ. ಹಸೀದು ಏನೇ ಇದ್ರೂ ಗಾಳೀಲಿ ನೇತುಹಾಕ್ಬೇಕು ಕಣೋ!"

"ಸರಿಯಮ್ಮ. ಹಾಗೇ ಮಾಡ್ತೀನಿ."

ಮಾರನೇ ದಿನ ಮೇಷ್ಟ್ರು ಎರಡು ರೆಕ್ಕೆಗೂ ಅಂಟು ಹಚ್ಚಿ ಮೈಗೆ ಕೂಡಿಸಿ, ಮಣೆ ಮೇಲೆ ನೆಟ್ಟಗೆ ಇಟ್ಟು ಪೇಟೆಗೆ ಹೋಗಿದ್ರು. ಚಿತ್ತಯ್ಯ ಅಂಟು ನೋಡಿದ. ಹಸಿ! ಎತ್ತಿದ. ಬಟ್ಟೆ ಒಣಹಾಕೋ ತಂತಿಗೆ ಬಾಲ ಕಟ್ಟಿ ನೇತುಹಾಕಿದ. ಸಂಜೆಗೆ ಅಂಟು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ರೆಕ್ಕೆ ಎರಡೂ ಜೋತುಬಿದ್ದಿದ್ವು, ಮಳೇಲಿ ನೆಂದ ಕಾಗೆ ಹಾಗೆ! ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಗರಗಸ ತಗೊಂಡು ರೆಕ್ಕೆ ಕುಯ್ದು ಮತ್ತೆ ಮೊದಲಿಂದ ಶುರು ಮಾಡಿದ್ರು.

ಗಂಗಮಾಳಮ್ಮ ಅವತ್ತು ಬೈಯೋಕೂ ಹೆದರಿದ್ಲು. ಮೇಷ್ಟ್ರು ನಾಳೆಯಿಂದ ಬರಬೇಡ ಅಂದುಬಿಟ್ರೆ? ಮಗನ ಮುಖ ನೋಡಿದ್ರೆ ಅವನು ಆರಾಮಾಗಿ ಉಪ್ಪಿಟ್ಟು ತಿಂತಾ ಇದಾನೆ. ತಡೆಯೋಕಾಗ್ಲಿಲ್ಲ ಅವಳಿಗೆ.

"ಸೊಟ್ಟ ಆಗದ ಹಾಗೆ ಭಾರ ಹೇರ್ಬೇಕು ಕಣೋ! ಹಪ್ಪಳದ ಕಟ್ಟು ಮಡಚಿಕೊಳ್ಳದ ಹಾಗೆ ನಾನು ಮೇಲೆ ಗುಂಡುಕಲ್ಲು ಇಡಲ್ವಾ? ನೋಡಿಲ್ವಾ ನೀನು?"

"ನೋಡಿದೀನಮ್ಮ. ಹಾಗೇ ಮಾಡ್ತೀನಿ."

ನೀವೇ ಊಹೆ ಮಾಡಿ ಮತ್ತೆ! ವಿಮಾನ ನಡೆಸೋನು ಕೂರೋ ಜಾಗಕ್ಕೆ ಗಾಜಿನ ಥರದ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಳಗೆ ಹೆಬ್ಬೆರಳಷ್ಟು ಒಬ್ಬ ಗೊಂಬೆ ಮನುಷ್ಯ. ಮೇಷ್ಟ್ರು ಉಸಿರು ಬಿಗಿ ಹಿಡಿದು ಅದನ್ನ ಅಂಟಿಸಿದ್ರು. ಅತ್ತ ತಿರುಗಿದ್ರು. ಇತ್ತ ಚಿತ್ತಯ್ಯ ಹಿತ್ತಲಿಂದ ಒರಳಿನ ಗುಂಡು ಹೊತ್ಕೊಂಡು ಬಂದ. ಇಟ್ಟ. ಪಟಾರ್!

"ಅಯ್ಯೋ ನನ್ನ ಪೈಲಟ್ಟು!" ಅಂದ್ರು ಮೇಷ್ಟ್ರು.

"ಸೊಟ್ಟ ಆಗಲ್ಲ ಮೇಷ್ಟ್ರೇ, ಹೆದರ್ಬೇಡಿ!" ಅಂದ ಚಿತ್ತಯ್ಯ.

ಆ ಸಂಜೆ ಮೇಷ್ಟ್ರೇ ಮನೆಗೆ ಬಂದ್ರು. ಗಂಗಮಾಳಮ್ಮ ಓಡಿಬಂದು ಚಾಪೆ ಹಾಸಿದ್ಲು. "ಮಾತು ಕೊಟ್ಟಿದೀನಿ, ಭಾನುವಾರದ ತನಕ ತಡೀತೀನಿ. ಮುರಿದಿದ್ದೆಲ್ಲ ನಾನೇ ಸರಿಮಾಡ್ಕೋತೀನಿ. ಇವನು ಇನ್ನು ಏನನ್ನೂ ಮುಟ್ಟೋದು ಬೇಡ. ಅವತ್ತು ಬಂದು ಎತ್ಕೊಂಡು ಗುಡ್ಡ ಹತ್ತಲಿ, ತೂರಿಬಿಡಲಿ. ಅದೊಂದೇ ಕೆಲಸ" ಅಂದ್ರು.

ಶನಿವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಗುಡ್ಡದ ದಾರಿ ಕಲ್ಲುಮುಳ್ಳು. ಎಡವಿ ಬಿದ್ರೆ? ವಿಮಾನ ಎರಡು ತುಂಡಾದ್ರೆ? ಭಾನುವಾರ ಬೆಳಿಗ್ಗೆ ಮಗನ ಎರಡು ಭುಜ ಹಿಡ್ಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ಲು: "ಚಿತ್ತಯ್ಯಾ, ಕೇಳು. ನಾನು ಹಪ್ಪಳದ ಕಟ್ಟು ಸಂತೆಗೆ ಹೇಗೆ ಒಯ್ತೀನಿ? ಎದೆಗೆ ಅವುಚ್ಕೊಂಡು ಒಯ್ತೀನಿ. ಹಾಗೆ ಅವುಚ್ಕೋ. ಯಾರು ಏನಂದ್ರೂ ಕೈ ಸಡಿಲ ಮಾಡ್ಬೇಡ. ಪ್ರಾಣ ಹೋದ್ರೂ ಮಾಡ್ಬೇಡ!"

"ಸರಿಯಮ್ಮ. ಹಾಗೇ ಮಾಡ್ತೀನಿ."

ಗುಡ್ಡದ ಮೇಲೆ ಜನವೋ ಜನ. ಊರೂರಿಂದ ವಿಮಾನ ಹಾರಿಸೋರು ಬಂದಿದ್ರು. ಗಾಳಿ ಅಂದ್ರೆ ಗಾಳಿ! ಪಂಚೆ ನಿಲ್ತಿರ್ಲಿಲ್ಲ, ಸೆರಗು ನಿಲ್ತಿರ್ಲಿಲ್ಲ. ಗಂಗಮಾಳಮ್ಮ ಒಂದು ಬಂಡೆ ಒರಗಿ ನಿಂತು ಮನೆದೇವರನ್ನ ನೆನೀತಿದ್ಲು. ಚಿತ್ತಯ್ಯ ವಿಮಾನ ಅವುಚ್ಕೊಂಡು ಗುಡ್ಡ ಹತ್ತಿ ಬಂದ. ಒಂದು ಗೀರೂ ಇಲ್ಲ! ಅವಳಿಗೆ ಅರ್ಧ ಜೀವ ಬಂತು.

ಮೇಷ್ಟ್ರು ರಿಮೋಟ್ ಹಿಡ್ಕೊಂಡು, "ಚಿತ್ತಯ್ಯ, ಓಡಿ ಬಾ, ಅಂಚಿಗೆ ಬಂದ ಕೂಡ್ಲೇ ಕೈಬಿಡು" ಅಂದ್ರು.

ಚಿತ್ತಯ್ಯ ಓಡಿದ. ಚೆನ್ನಾಗಿ ಓಡಿದ. ಅಂಚಿಗೆ ಬಂದ.

"ಬಿಡು!" ಅಂದ್ರು ಮೇಷ್ಟ್ರು.

ಬಿಡ್ಲಿಲ್ಲ.

"ಬಿಡೋ!" ಅಂತ ಜನ ಎಲ್ಲ ಕೂಗಿದ್ರು.

ಯಾರು ಏನಂದ್ರೂ ಬಿಡ್ಬೇಡ ಅಂದಿದ್ಲಲ್ಲ ತಾಯಿ! ಬಿಡ್ಲಿಲ್ಲ. ವಿಮಾನ ಅವುಚ್ಕೊಂಡು ಹಾಗೇ ಅಂಚು ದಾಟಿ ಹೋಗಿಬಿಟ್ಟ!

ಗಂಗಮಾಳಮ್ಮ ಹೇಗೆ ಓಡಿದ್ಲೋ ಅವಳಿಗೇ ತಿಳೀದು. ಅಂಚಲ್ಲಿ ಬೋರಲು ಬಿದ್ದು ಕೆಳಗೆ ನೋಡಿದ್ಲು. ಎರಡಾಳು ಆಳದಲ್ಲಿ ಒಂದು ಹಾಸುಬಂಡೆ. ಅದರ ಮೇಲೆ ದಟ್ಟವಾಗಿ ಬೆಳೆದ ಕುರುಚಲು ಗಿಡದ ಸೊಪ್ಪು. ಅದರ ಮೇಲೆ ಅಂಗಾತ ಚಿತ್ತಯ್ಯ. ಅವನ ಎದೆ ಮೇಲೆ ವಿಮಾನ. ಬಂಡೆ ಆಚೆಗೆ ಬರೀ ಪ್ರಪಾತ. ಅವನು ಏಳೋಕೆ ನೋಡ್ತಿದಾನೆ, ಕೈ ಎರಡೂ ವಿಮಾನದ ಮೇಲೆ, ಕಾಲು ಜಾರ್ತಾ ಇದೆ.

"ಬಿಟ್ಬಿಡೋ ಮಗನೇ!" ಅಂತ ಎದೆ ಬಡ್ಕೊಂಡು ಕಿರುಚಿದ್ಲು. "ಅದು ಹಾಳಾಗಿ ಹೋಗ್ಲಿ, ಬಿಟ್ಬಿಡು! ಗಿಡ ಹಿಡ್ಕೋ!"

ಅಮ್ಮ ಅಂದ ಮೇಲೆ ಮುಗೀತು. ಬಿಟ್ಟ.

ಬಿಟ್ಟಿದ್ದೇ ತಡ, ಗಾಳಿ ಅದನ್ನ ಎತ್ತಿಕೊಂಡುಬಿಡ್ತು! ಮೇಷ್ಟ್ರು ರಿಮೋಟ್ ಒತ್ತಿದ್ರು. ಬೆಳ್ಳಿ ವಿಮಾನ ಎಲ್ಲರ ತಲೆ ಮೇಲೆ ಸುಯ್ಯಂತ ಹೋಯ್ತು, ತಿರುಗಿ ಬಂತು, ಮತ್ತೆ ಹೋಯ್ತು. ಜನ ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು. ವಿಮಾನ ಹಿಂದಿನ ಹುಲ್ಲಲ್ಲಿ ಮೆತ್ತಗೆ ಇಳೀತು. ಅಷ್ಟರಲ್ಲಿ ನಾಲ್ಕು ಜನ ಹಗ್ಗ ಹಾಕಿ ಚಿತ್ತಯ್ಯನ್ನ ಮೇಲಕ್ಕೆ ಎಳೆದಿದ್ರು. ಮೊಣಕೈ ತರಚಿತ್ತು, ಅಷ್ಟೇ.

ತಾಯಿ ಅವನಿಗೆ ಎರಡು ಬಾರಿಸಿದ್ಲು. ತಬ್ಕೊಂಡ್ಲು. ಮತ್ತೆ ಒಂದು ಬಾರಿಸಿದ್ಲು. "ನಾನು ಬೆಳಿಗ್ಗೆ ಹೇಳಿದ್ದು ಬೆಳಿಗ್ಗೆಗೆ ಕಣೋ! ಇಲ್ಲಿ ಮೇಷ್ಟ್ರು ಏನು ಹೇಳ್ತಾರೋ ಅದನ್ನೇ ಮಾಡ್ಬೇಕು! ಅವರು ಹೇಳಿದ್ದೇ ಕೊನೆ!"

"ಸರಿಯಮ್ಮ. ಹಾಗೇ ಮಾಡ್ತೀನಿ."

ಮೇಷ್ಟ್ರು ಬಂದ್ರು. ಮುಖ ಅರಳಿತ್ತು. "ಗಂಗಮಾಳಮ್ಮ, ಕೊಟ್ಟ ಮಾತು ಕೊಟ್ಟ ಮಾತೇ. ಇವನ ಕೈಯಿಂದ್ಲೇ ಏರಿತು. ಇನ್ನು ಇವನು ನಮ್ಮನೆಯವನು. ನೀನು ನಿಶ್ಚಿಂತೆಯಾಗಿರು."

ಎಷ್ಟು ತಿಂಗಳಾಗಿತ್ತೋ ಆ ತಾಯಿ ಸರಾಗವಾಗಿ ಉಸಿರಾಡಿ! ಅಲ್ಲೇ ಹುಲ್ಲಿನ ಮೇಲೆ ಕೂತ್ಲು. ಕಣ್ಣೊರೆಸಿಕೊಂಡ್ಲು. ಅವತ್ತು ಮೊದಲ ಸಲ ಅವಳಿಗೆ ಹಸಿವಾಯ್ತು.

ಅಷ್ಟರಲ್ಲಿ ಜನ, "ಇನ್ನೊಂದ್ಸಲ! ಇನ್ನೊಂದ್ಸಲ!" ಅಂತ ಗಲಾಟೆ ಮಾಡಿದ್ರು. ಮೇಷ್ಟ್ರು ಖುಷೀಲಿದ್ರು. ವಿಮಾನ ತಂದು ಚಿತ್ತಯ್ಯನ ಕೈಗೆ ಕೊಟ್ಟು, ಬೆನ್ನು ತಟ್ಟಿ ಅಂದ್ರು: "ಶಭಾಷ್! ಆಗ ಹೇಗೆ ಹಾರಿಸಿದೆಯೋ ಹಾಗೇ ಇನ್ನೊಂದ್ಸಲ ಹಾರಿಸು!"

"ಬೇಡ ಬುದ್ಧೀ!" ಅಂತ ಗಂಗಮಾಳಮ್ಮ ಏಳೋದ್ರೊಳಗೆ ಚಿತ್ತಯ್ಯ ವಿಮಾನ ಅವುಚ್ಕೊಂಡ, ಓಡಿದ, ಅಂಚು ದಾಟಿ ಮಾಯವಾದ.

ಎಲ್ಲರೂ ಓಡಿ ಹೋಗಿ ಬಗ್ಗಿ ನೋಡಿದ್ರು. ಅದೇ ಬಂಡೆ, ಅದೇ ಸೊಪ್ಪು, ಅದೇ ಚಿತ್ತಯ್ಯ. ಅಂಗಾತ ಬಿದ್ಕೊಂಡು ಮೇಲೆ ನೋಡ್ತಾ ಇದಾನೆ.

"ಬಿಡಪ್ಪಾ ಚಿತ್ತಯ್ಯಾ, ಬಿಟ್ಬಿಡು!" ಅಂದ್ರು ಮೇಷ್ಟ್ರು.

"ಉಹೂಂ. ಆಗ ನೀವು ಅಂದಾಗ ಬಿಟ್ಟಿರ್ಲಿಲ್ಲ."

"ಈಗ ಬಿಡೋ, ನಾನು ಹೇಳ್ತಿದೀನಿ!"

"ಆಗಿನ ಹಾಗೇ ಅಂದ್ರಲ್ಲ ಮೇಷ್ಟ್ರೇ. ಆಗ ಅಮ್ಮ ಕೂಗಿದ್ಲು. ಎದೆ ಬಡ್ಕೊಂಡು ಕೂಗಿದ್ಲು. ಆಮೇಲೆ ಬಿಟ್ಟೆ."

ಮೇಷ್ಟ್ರು ಗಂಗಮಾಳಮ್ಮನ ಕಡೆ ತಿರುಗಿದ್ರು. ಅವಳು ಅಂಚಲ್ಲಿ ಮೊಣಕಾಲೂರಿ ಕೂತಿದ್ಲು. ಕೂಗಬೇಕು ಅಂತ ಬಾಯಿ ತೆರೆದ್ಲು. ನಾನು ಹೋದ ಮೇಲೆ ಇವನನ್ನ ಯಾರು ಕೂಗ್ತಾರೆ ಅನ್ನೋದೊಂದೇ ತಲೇಲಿ ತಿರುಗ್ತಿತ್ತು, ಸೆರಗಿಂದ ಬಾಯಿ ಮುಚ್ಕೊಂಡ್ಲು.

ಕೆಳಗಿಂದ ಚಿತ್ತಯ್ಯ ಕತ್ತೆತ್ತಿ ಕಾಯ್ತಾ ಇದ್ದ.

"ಕೂಗಮ್ಮಾ! ನೀನು ಕೂಗದೆ ನಾನು ಹೇಗಮ್ಮ ಬಿಡ್ಲಿ?"